ಕೆಳಗಿನ ಸಣ್ಣಕ್ಷರ

ಸಂಡೇ ಸ್ಕೂಲಿನಲ್ಲಿ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಮಾರ್ಕನ ಸುವಾರ್ತೆಯ ಕೊನೇ ಹನ್ನೆರಡು ವಚನ ಹಳೇ ಪ್ರತಿಗಳಲ್ಲಿ ಇಲ್ಲ ಅಂತ ಕೆಳಗೆ ಬರೆದಿದೆಯಲ್ಲ. ಮತ್ತೆ ಯಾರು ಸೇರಿಸಿದ್ದು?"

ಇಪ್ಪತ್ತು ವರ್ಷದಿಂದ ಓದುತ್ತಿರುವ ಸತ್ಯವೇದ, ಅಂದರೆ ಬೈಬಲ್. ಆ ಸಣ್ಣಕ್ಷರದ ಟಿಪ್ಪಣಿಯನ್ನು ನಾನು ಯಾವತ್ತೂ ಓದಿರಲಿಲ್ಲ. "ಮುಂದಿನ ವಾರ ಹೇಳ್ತೀನಿ" ಅಂದೆ. ಆ ಮುಂದಿನ ವಾರ ಬರಲು ಎಂಟು ತಿಂಗಳು ಹಿಡಿಯಿತು.

ಮೊದಲು ಹುಡುಕಿದ್ದು ನನಗೆ ಅನುಕೂಲವಾದ ಸಾಕ್ಷ್ಯವನ್ನೇ, ಸುಳ್ಳು ಯಾಕೆ ಹೇಳಲಿ. 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ, ಯೇಸುವಿಗೆ ಶಿಲುಬೆಯ ಶಿಕ್ಷೆ ವಿಧಿಸಿದ ರೋಮನ್ ಅಧಿಪತಿ ಪಿಲಾತನ ಹೆಸರು ಕೆತ್ತಿದ ಕಲ್ಲು ಸಿಕ್ಕಿತು ಎಂದು ಓದಿ ಕುಣಿದಾಡಿದೆ. ರಾತ್ರಿ ಮಲಗಿದಾಗ ಹೊಳೆಯಿತು: ಪಿಲಾತ ಇದ್ದ ಅನ್ನುವುದು ಖಚಿತವಾದ ಮಾತ್ರಕ್ಕೆ ಯೇಸುವಿನ ಸಮಾಧಿ ಬರಿದಾಗಿತ್ತು ಎಂದಾಗುವುದಿಲ್ಲವಲ್ಲ.

ಆಮೇಲೆ ಓದಿದ್ದು ಕುಮ್ರಾನಿನಲ್ಲಿ ಸಿಕ್ಕ ಹಳೇ ಹಸ್ತಪ್ರತಿ ಸುರುಳಿಗಳ ಬಗ್ಗೆ. 1947ರ ಹೊತ್ತಿಗೆ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಸಿಕ್ಕ, ಪ್ರವಾದಿ ಯೆಶಾಯನ ಪುಸ್ತಕದ ಸುರುಳಿ ಏಳು ಮೀಟರಿಗಿಂತ ಉದ್ದ, 66 ಅಧ್ಯಾಯವೂ ಅದರಲ್ಲಿವೆ. ಅದುವರೆಗೆ ಕೈಯಲ್ಲಿದ್ದ ಪೂರ್ಣ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. "ಒಂದಕ್ಷರವೂ ಬದಲಾಗಿಲ್ಲ" ಎಂದು ಚರ್ಚಿನ ಪ್ರಸಂಗದಲ್ಲಿ ಕೇಳಿದ್ದೆ. ಬದಲಾಗಿದೆ! ಹೆಚ್ಚಿನವು ಕಾಗುಣಿತ, ವ್ಯಾಕರಣದ ವ್ಯತ್ಯಾಸ. ಆದರೆ 53:11ರಲ್ಲಿ ನಡುಗಾಲದ ಹೀಬ್ರೂ ಪ್ರತಿಗಳಲ್ಲಿಲ್ಲದ ಒಂದು ಪದ ಈ ಸುರುಳಿಯಲ್ಲಿದೆ: 'ಬೆಳಕು'. ಹಳೆಯ ಗ್ರೀಕ್ ಅನುವಾದದಲ್ಲೂ ಅದಿದೆ. ನೊಂದ ಸೇವಕನು, ಯೇಸುವೇ ಎಂದು ನಾವು ನಂಬುವವನು, ಬೆಳಕನ್ನು ಕಾಣುವನು. ಆ ಸಾಲಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. ಸಾವಿರ ವರ್ಷ ಕೈಯಿಂದ ಕೈಗೆ ಬಂದ ಪುಸ್ತಕ ಬಹುಪಾಲು ಹಾಗೇ ಉಳಿದಿತ್ತು. ಎಲ್ಲಿ ಜಾರಿತ್ತೆಂಬುದೂ ಕಾಣುತ್ತಿತ್ತು. ಪ್ರಸಂಗದ ಉತ್ಪ್ರೇಕ್ಷೆಗಿಂತ ಇದರ ಮೇಲೆ ನನಗೆ ಭರವಸೆ ಹುಟ್ಟಿತು.

ಮಾರ್ಕನ ವಿಷಯ? ನಾಲ್ಕನೇ ಶತಮಾನದ ಎರಡು ದೊಡ್ಡ ಗ್ರೀಕ್ ಪ್ರತಿಗಳಲ್ಲಿ, ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್‌ನಲ್ಲಿ, ಅವನ ಸುವಾರ್ತೆ ಆ ಹನ್ನೆರಡು ವಚನಗಳಿಗೆ ಮೊದಲೇ, 16:8ಕ್ಕೇ ನಿಲ್ಲುತ್ತದೆ. ಹೆಂಗಸರು ಹೆದರಿ ಸಮಾಧಿಯಿಂದ ಓಡುತ್ತಾರೆ, ಅಷ್ಟೇ. ಆದರೆ ಸಮಾಧಿಯಲ್ಲಿದ್ದ ಬಿಳಿಯುಡುಪಿನ ಯುವಕ ಅಷ್ಟರಲ್ಲಿ "ಆತನು ಎದ್ದಿದ್ದಾನೆ" ಎಂದು ಹೇಳಿಯಾಗಿರುತ್ತದೆ.

ಹುಡುಗಿಗೆ ಇಷ್ಟನ್ನೂ ಹೇಳಿದೆ. "ಸೇರಿಸಿದ್ದು ಯಾರೆಂದು ಯಾರಿಗೂ ಗೊತ್ತಿಲ್ಲ ಮಗಾ" ಅಂದೆ.

ಅವಳು ತಲೆಯಾಡಿಸಿ ಯೋಹಾನನ ಸುವಾರ್ತೆಯ ಎಂಟನೇ ಅಧ್ಯಾಯ ತೆರೆದಳು. ಅಲ್ಲೂ ಕೆಳಗೊಂದು ಟಿಪ್ಪಣಿಯಿದೆ.