ಆ ರಾತ್ರಿ ಇದನ್ನ ಯಾರೂ ಕೇಳಿಲ್ಲ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಮಾವ, ಆ ರಾತ್ರಿ ಇದನ್ನ ಯಾರೂ ಕೇಳಿಲ್ಲ."

ಹೇಳಿದ್ದು ಅಕ್ಕನ ಮಗಳು. ಎರಡು ವರ್ಷದಿಂದ ಸ್ಟೇಜ್ ಷೋಗಳಿಗೆ ಸೌಂಡ್ ಮಾಡುತ್ತಾಳೆ. ಎಲ್ಲ ಮೈಕಿನ ಸದ್ದನ್ನೂ ಬೆರೆಸಿ ಸ್ಪೀಕರ್‌ಗೆ ಕಳಿಸುವ ಮಿಕ್ಸರ್ ಮುಂದೆ ನಿಂತು ರಾತ್ರಿಯೆಲ್ಲ ಕೆಲಸ. ನಾನು ಷೋಗಳ ಟೇಪ್ ಕೂಡಿಡುವವನು. ಭಾನುವಾರ ಮನೆಗೆ ಬಂದವಳು, "ನಿನ್ನ ಹತ್ರ ಇರೋ ಲೈವ್ ಟೇಪ್‌ಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ಯಾವ್ದು? ಕೇಳಿಸು" ಅಂದಳು. ನಾನು ಯೋಚನೆ ಮಾಡಲೂ ಇಲ್ಲ. 1978ರಲ್ಲಿ ಅಮೆರಿಕದ ಒಂದು ಥಿಯೇಟರ್‌ನಲ್ಲಿ ನಡೆದ ರಾಕ್ ಷೋ ಹಾಕಿದೆ. ಸೌಂಡ್‌ಬೋರ್ಡ್ ಟೇಪ್ ಅದು, ಅಂದರೆ ಮಿಕ್ಸರ್‌ನಿಂದಲೇ ವೈರ್ ಎಳೆದು ರೆಕಾರ್ಡ್ ಮಾಡಿಕೊಂಡದ್ದು. ಇಪ್ಪತ್ತು ವರ್ಷದಿಂದ ನನ್ನ ನೋಟ್‌ಬುಕ್ಕಿನಲ್ಲಿ ಅದರ ಮುಂದೆ 'ಎ ಪ್ಲಸ್' ಅಂತ ಇದೆ. ಹಿಸ್ ಇಲ್ಲ, ಅಂದರೆ ಟೇಪಿನದೇ 'ಸ್' ಅನ್ನುವ ಸದ್ದು ಇಲ್ಲ, ಒಡೆದ ಸದ್ದು ಇಲ್ಲ. ಹಾಡುಗಾರ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಒಂದು ಹಾಡು ಮುಗಿಯಿತು.

"ಗಿಟಾರ್ ಎಲ್ಲಿ?"

ಇದೆಯಲ್ಲ, ಸ್ವಲ್ಪ ಹಿಂದೆ ಇದೆ ಅಂದೆ.

"ಜನ ಎಲ್ಲಿ?"

ಅವರೂ ಇದ್ದಾರೆ, ಹಾಡು ಮುಗಿದಾಗ ಹಾಡುಗಾರನ ಮೈಕಿನಲ್ಲಿ ದೂರದಿಂದ ಕೇಳಿಸುತ್ತಾರೆ ಅಂದೆ. ಆಗ ಬಂತು ಆ ಮಾತು. ಅವಳು ಚುಚ್ಚಲು ಹೇಳಿದ್ದಲ್ಲ. ತನ್ನ ಕೆಲಸದಲ್ಲಿ ದಿನಾ ನೋಡುವುದನ್ನು ಸುಮ್ನೆ ಹೇಳಿದಳು, ಅಷ್ಟೆ.

ಆಮೇಲೆ ಬಿಡಿಸಿ ಹೇಳಿದಳು. ದೊಡ್ಡದಲ್ಲದ ಹಾಲ್‌ನಲ್ಲಿ ಗಿಟಾರ್‌ನ ಆಂಪ್, ಅಂದರೆ ಸ್ಟೇಜಿನ ಮೇಲೆ ಅದಕ್ಕೇ ಇರುವ ಸ್ಪೀಕರ್ ಪೆಟ್ಟಿಗೆ, ತಾನೇ ಅರ್ಧ ಹಾಲ್ ತುಂಬುತ್ತದೆ. ಡ್ರಮ್ಸ್‌ಗೂ ಹೆಚ್ಚು ಸಹಾಯ ಬೇಡ. ಹಾಗಾಗಿ ಮಿಕ್ಸರ್ ಹತ್ತಿರ ನಿಂತವನು ಗಿಟಾರನ್ನು ಸ್ಪೀಕರ್‌ಗೆ ಬಹಳ ಕಮ್ಮಿ ಬಿಡುತ್ತಾನೆ. ಹಾಡುಗಾರನ ದನಿಯನ್ನು ಮಾತ್ರ ಜಾಸ್ತಿ ಮಾಡುತ್ತಾನೆ. ಸ್ಟೇಜಿನ ಸದ್ದು, ಸ್ಪೀಕರಿನ ಸದ್ದು ಎರಡೂ ಸೇರಿದಾಗ ಹಾಲ್‌ನಲ್ಲಿ ಕೂತವನಿಗೆ ಎಲ್ಲ ಸರಿಯಾಗಿ ಕೇಳಿಸುತ್ತದೆ. "ಹಾಲ್‌ನಲ್ಲಿ ಏನು ಕಮ್ಮಿ ಇತ್ತೋ ಅದು ಮಾತ್ರ ಈ ವೈರ್‌ನಲ್ಲಿ ಬಂದಿದೆ ಮಾವ. ಪೂರ್ತಿ ಷೋ ಅಲ್ಲ ಇದು."

ಸೌಂಡ್‌ಬೋರ್ಡ್ ಟೇಪ್‌ನಲ್ಲಿ ದನಿ ಮುಂದೆ, ಗಿಟಾರ್ ಹಿಂದೆ ಅನ್ನುವುದು ಟೇಪ್ ಕೂಡಿಡುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅದನ್ನು ಒಂದು ಸಣ್ಣ ಕೊರತೆ ಅಂತ ಬರೆದು ಪಕ್ಕಕ್ಕಿಟ್ಟಿದ್ದೆ. ಅವಳು ಅದೇ ವಿಷಯವನ್ನು ತಿರುಗಿಸಿ ಹಿಡಿದಳು.

ಕಿವಿಯಿಂದ ಟೇಪ್ ಅಳೆಯುವುದು ನಾನು ತುಂಬ ಕಷ್ಟಪಟ್ಟು ಕಲಿತದ್ದು. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದಾಗಲೆಲ್ಲ ಹಿಸ್ ಏರುತ್ತದೆ, ಏರು ಶ್ರುತಿಯ ಸದ್ದು ಸವೆಯುತ್ತದೆ. ಡ್ರಮ್ಸ್ ಜೊತೆಯ ಲೋಹದ ತಟ್ಟೆ ಸಿಂಬಲ್‌ನ 'ಝಣ್' ಅನ್ನುವುದು 'ಶ್' ಆಗಿದ್ದರೆ ಇದು ನಾಲ್ಕನೇ ಐದನೇ ಕೈ ದಾಟಿ ಬಂದದ್ದು ಅಂತ ಊಹಿಸಬಹುದು. ಮೊದಲನೇ ಕಾಪಿ ಅಂತ ಹೇಳಿಕೊಂಡು ಕೊಟ್ಟರೂ ನಂಬಬೇಕಾಗಿಲ್ಲ. ಸದ್ದಿನಲ್ಲಿ ಏನೂ ಕಳೆಯದೆ ಇಡುವ ಫ್ಲಾಕ್ ಫೈಲ್ ಅಂದ ಕೂಡಲೇ ಖುಷಿಪಡುವುದೂ ಬೇಡ. ಸದ್ದು ಕಳೆದು ಸಣ್ಣದು ಮಾಡಿದ ಎಂಪಿ3ಯನ್ನು ಫ್ಲಾಕ್ ಮಾಡಿ ಹಂಚುವವರು ಬೇಕಾದಷ್ಟು ಜನ ಇದ್ದಾರೆ. ಸದ್ದಿನ ಚಿತ್ರ ತೆಗೆದು ನೋಡಿದರೆ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ಒಂದು ಗೆರೆ ಕಂಡರೆ ಅನುಮಾನ ಪಡಬೇಕು.

ಸ್ಪೀಡ್ ಅಂತೂ ನನಗೆ ಬಲು ಇಷ್ಟದ ವಿಷಯ. ಬ್ಯಾಟರಿ ಇಳಿದ ರೆಕಾರ್ಡರ್ ನಿಧಾನ ಓಡಿರುತ್ತದೆ. ಆ ಟೇಪನ್ನು ಸರಿಯಾದ ಡೆಕ್‌ನಲ್ಲಿ ಹಾಕಿದರೆ ಹಾಡು ಬೇಗ ಓಡುತ್ತದೆ, ಶ್ರುತಿ ಏರುತ್ತದೆ. ಎಷ್ಟು ಏರಿದೆ ಅಂತ ಹೇಳುವುದು ಹೇಗೆ? ಅಮೆರಿಕದ ಕರೆಂಟ್ 60 ಹರ್ಟ್ಸ್. ಟೇಪ್‌ನಲ್ಲಿ ಕರೆಂಟಿನ 'ಹಮ್', ಅಂದರೆ 'ಗುಂಯ್' ಅನ್ನುವ ಸದ್ದು, ಸೇರಿಕೊಂಡಿದ್ದರೆ ಅದು 60ರಲ್ಲೇ ಇರಬೇಕು. ಈ 78ರ ಟೇಪ್‌ನಲ್ಲಿ ಅದು 62 ಹತ್ತಿರ ಇತ್ತು. ಅಂದರೆ ಶೇಕಡಾ 3ರಷ್ಟು ಜೋರಾಗಿ ಓಡುತ್ತಿದೆ. ಅಷ್ಟು ಇಳಿಸಿದೆ, ಹಾಡುಗಾರನ ದನಿ ತನ್ನ ಮೈಗೆ ತಾನು ಬಂದ ಹಾಗಾಯಿತು. ಇದನ್ನು ತೋರಿಸಿದಾಗ ಅವಳ ಮುಖ ಅರಳಿತು. ಎಲ್ಲರೂ ಬೈಯುವ ಹಮ್ ಇಷ್ಟು ಉಪಕಾರಿ ಅಂತ ಅವಳಿಗೂ ಗೊತ್ತಿರಲಿಲ್ಲ.

ಈ ಲೆಕ್ಕ ಯಾವುದೂ ತಪ್ಪಲ್ಲ. ಇವತ್ತಿಗೂ ಹಾಗೇ ಅಳೆಯುತ್ತೇನೆ. ತನ್ನ ಕೈಗೆ ಬಂದ ಪ್ರತಿ ಟೇಪಿಗೂ 'ಎಕ್ಸಲೆಂಟ್' ಅಂತ ಬರೆದು ಬದಲಿಗೆ ಒಳ್ಳೆಯ ಟೇಪ್ ಕೇಳುವ ಒಬ್ಬ ಪರಿಚಯದವನಿದ್ದಾನೆ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವನಿಗಿಂತ ಜಾಸ್ತಿ ಸಿಟ್ಟು ಹಿಸ್ ತೆಗೆಯುತ್ತೇನೆ ಅಂತ ಸಾಫ್ಟ್‌ವೇರ್ ಹಾಕಿ ಉಜ್ಜುವವರ ಮೇಲೆ. ಹಿಸ್ ಜೊತೆ ಸಿಂಬಲ್ಲೂ ಹೋಗುತ್ತದೆ. ಚಪ್ಪಾಳೆ ನೀರಿನೊಳಗೆ ಹೊಡೆದ ಹಾಗೆ ಕೇಳಿಸುತ್ತದೆ.

ಆದರೆ ಅವಳ ಮಾತಿಗೆ ಇದು ಯಾವುದೂ ಉತ್ತರ ಅಲ್ಲ, ಅಲ್ವಾ?

ಸುಮ್ಮನೆ ಒಪ್ಪಲಿಲ್ಲ ನಾನು. ಹಾಗಾದರೆ ಕಾರ್ನೆಲ್ ಟೇಪ್ ಕೇಳು ಅಂದೆ. 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್, ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್. ಸೌಂಡ್‌ಬೋರ್ಡ್ ಅಂದರೆ ಇದು ಅಂತ ಎಷ್ಟೋ ಜನ ಬೆರಳು ತೋರಿಸುವ ಟೇಪ್. ರೆಕಾರ್ಡ್ ಮಾಡಿದವರು ಬೆಟ್ಟಿ ಕ್ಯಾಂಟರ್ ಜಾಕ್ಸನ್. ಅವರ ಟೇಪ್‌ಗಳು ಒಂದು ಗೋದಾಮಿನಲ್ಲಿ ಬಿದ್ದಿದ್ದು, ಬಾಡಿಗೆ ಕಟ್ಟಲಾಗದೆ 1986ರಲ್ಲಿ ಹರಾಜಾಗಿ, ಯಾರ್ಯಾರದೋ ಕೈಗೆ ಹೋಗಿ, ಕಾಪಿಯ ಮೇಲೆ ಕಾಪಿಯಾಗಿ ಹರಡಿದವು. 2017ರಲ್ಲಿ ಆ ಷೋ ಅಧಿಕೃತವಾಗಿಯೇ ಹೊರಬಂತು. ಹತ್ತು ನಿಮಿಷ ಕೇಳಿದಳು. ಬಾಸ್, ಗಿಟಾರ್, ದನಿ ಎಲ್ಲ ತನ್ನ ತನ್ನ ಜಾಗದಲ್ಲಿ.

"ಇದು ಹಾಲ್‌ಗೆ ಮಾಡಿದ ಮಿಕ್ಸ್ ಅಲ್ಲ ಮಾವ. ಆ ಹೆಂಗಸು ಟೇಪ್‌ಗೇ ಅಂತ ಬೇರೆ ಮಿಕ್ಸ್ ಮಾಡಿದಾರೆ."

ನಿಜ. ಬೆಟ್ಟಿ ಮಾಡುತ್ತಿದ್ದದ್ದು ಹಾಗೇ. ಒಂದೇ ಸಲ ಕೇಳಿ ಹೇಳಿಬಿಟ್ಟಳು. ನನಗೆ ಹೆಮ್ಮೆಯೂ ಆಯಿತು, ಒಳಗೆ ಎಲ್ಲೋ ಚುರುಕ್ ಅಂತಲೂ ಅಂದಿತು.

"ಅದೇ 78ರ ಷೋನ ಜನರ ಮಧ್ಯೆ ಕೂತು ಮಾಡಿದ ಟೇಪ್ ಇಲ್ವಾ?" ಕೇಳಿದಳು. ಇತ್ತು. ನೋಟ್‌ಬುಕ್ಕಿನಲ್ಲಿ ಅದರ ಮುಂದೆ 'ಸಿ'. ಪಕ್ಕದಲ್ಲಿ ನನ್ನದೇ ಅಕ್ಷರ: 'ಎಕೋ ಜಾಸ್ತಿ. ಮೈಕ್ ಹತ್ತಿರ ಮಾತು.' ಒಂದೇ ಸಲ ಕೇಳಿ ಎತ್ತಿಟ್ಟಿದ್ದೆ.

ಹಾಕುವ ಮುಂಚೆ ಎರಡರ ಸದ್ದನ್ನೂ ಸಮ ಮಾಡು ಅಂದಳು. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿದೆ ಅನಿಸುತ್ತದೆ, ಅದು ಎಲ್ಲರ ಕಿವಿಯ ಗುಣ. ನಾನು ಇಷ್ಟು ವರ್ಷ ಎರಡು ಟೇಪ್ ಹೋಲಿಸುವಾಗ ಇದೊಂದು ಮಾಡಿರಲೇ ಇಲ್ಲ. ಆಡಿಯನ್ಸ್ ಟೇಪ್‌ಗಳು ಸಾಮಾನ್ಯವಾಗಿ ಸಣ್ಣ ಸದ್ದಿನವು. ಎಷ್ಟು ಟೇಪ್‌ಗಳಿಗೆ ಈ ಒಂದು ಕಾರಣಕ್ಕೆ ಅನ್ಯಾಯ ಮಾಡಿದ್ದೇನೋ.

ಮೊದಲ ಒಂದು ನಿಮಿಷ ಕಷ್ಟ. ಎಲ್ಲ ಗುಡುಗುಡು. ಆಮೇಲೆ ಕಿವಿ ಕತ್ತಲಿಗೆ ಹೊಂದಿಕೊಳ್ಳುವ ಕಣ್ಣಿನ ಹಾಗೆ ಹೊಂದಿಕೊಂಡಿತು. ಮೂರನೇ ಹಾಡಿನಲ್ಲಿ ಗಿಟಾರ್ ಎದ್ದಿತು. ನನ್ನ ಎ ಪ್ಲಸ್ ಟೇಪ್‌ನಲ್ಲಿ ಅದು ಪಕ್ಕದ ಮನೆಯಿಂದ ಬಂದ ಹಾಗಿತ್ತು. ಇಲ್ಲಿ ಎದೆಗೆ ಬಂದು ತಾಗಿತು. ಜನ ಒಮ್ಮೆಲೇ ಕೂಗಿದರು. ಗಿಟಾರ್ ನುಡಿಸುವವನು ಅದೇ ನುಡಿಯನ್ನು ಇನ್ನೊಂದು ಸಲ ತೆಗೆದುಕೊಂಡ. ಸೌಂಡ್‌ಬೋರ್ಡ್ ಟೇಪ್‌ನಲ್ಲಿ ಅವನು ಯಾಕೆ ಎರಡು ಸಲ ನುಡಿಸುತ್ತಾನೆ ಅಂತ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಮರೆತು ನುಡಿಸಿದ ಅಂತ ಅಂದುಕೊಂಡಿದ್ದೆ. ಜನ ಕೇಳಿದ್ದಕ್ಕೆ ನುಡಿಸಿದ್ದು.

ಬಾಬ್ ಡಿಲನ್ 1966ರ ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ಹಾಡಿದ ಷೋ ವರ್ಷಗಟ್ಟಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಅನ್ನುವ ತಪ್ಪು ಹೆಸರಿನಲ್ಲಿ ಕದ್ದುಮುಚ್ಚಿ ಹರಡಿತ್ತು. ಅದರಲ್ಲಿ ಎಲ್ಲರೂ ಕಾಯುವುದು ಜನರ ಮಧ್ಯದಿಂದ ಒಬ್ಬ 'ಜೂಡಾಸ್' (ಏಸುವಿಗೆ ದ್ರೋಹ ಮಾಡಿದ ಶಿಷ್ಯನ ಹೆಸರು) ಅಂತ ಕೂಗುವ ಗಳಿಗೆಗೆ. ಆ ಒಂದು ಕೂಗು ಟೇಪಿಗೆ ಬೀಳದೇ ಹೋಗಿದ್ದರೆ ಡಿಲನ್ ತಿರುಗಿ ಕೊಟ್ಟ ಉತ್ತರ ಯಾರಿಗೆ ಅಂತಲೇ ತಿಳಿಯುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ನಾನು 'ಮೈಕ್ ಹತ್ತಿರ ಮಾತು' ಅಂತ ನಂಬರ್ ಕಳೆದಿದ್ದೆ.

ಆಡಿಯನ್ಸ್ ಟೇಪ್ ಮಾಡಿದವರ ಪಾಡು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಲಾಸ್ ಏಂಜಲೀಸ್ ಕಡೆಯ ಮೈಕ್ ಮಿಲರ್ಡ್ ಕಾಲು ಚೆನ್ನಾಗಿದ್ದರೂ ಗಾಲಿಕುರ್ಚಿಯಲ್ಲಿ ಕೂತು, ಅದರಲ್ಲಿ ನಾಕಮಿಚಿ ರೆಕಾರ್ಡರ್ ಅಡಗಿಸಿಕೊಂಡು ಒಳಗೆ ಹೋಗುತ್ತಿದ್ದ. 1977ರ ಜೂನ್ 21ರಂದು ಅವನು ಮಾಡಿದ ಲೆಡ್ ಜೆಪ್ಲಿನ್ ಬ್ಯಾಂಡಿನ ಟೇಪ್ ಕೇಳಿದರೆ ಡ್ರಮ್ಸ್ ನಮ್ಮ ಮುಂದೆಯೇ ಇದೆ ಅನಿಸುತ್ತದೆ. ಗ್ರೇಟ್‌ಫುಲ್ ಡೆಡ್ 1984ರಲ್ಲಿ ಟೇಪ್ ಮಾಡುವವರಿಗೇ ಅಂತ ಮಿಕ್ಸರ್ ಹಿಂದೆ ಬೇರೆ ಜಾಗ ಕೊಟ್ಟಿತು. ಉಳಿದವರೆಲ್ಲ ಜೇಬಿನಲ್ಲಿ, ಟೋಪಿಯಲ್ಲಿ ಮೈಕ್ ಇಟ್ಟುಕೊಂಡು, ಎರಡು ಗಂಟೆ ಚಪ್ಪಾಳೆ ತಟ್ಟದೆ, ಅಲ್ಲಾಡದೆ ಕೂತವರು. ತನಗೆ ಇಷ್ಟವಾದ ಹಾಡು ಬಂದಾಗ ಕೂಗದೆ ಕೂರುವುದು ಅಂದರೆ ಸಾಮಾನ್ಯವೇ? ನಾನು ಇಲ್ಲಿ ಕುರ್ಚಿಯಲ್ಲಿ ಒರಗಿ 'ಸಿ' ಅಂತ ಒಂದು ಅಕ್ಷರ ಬರೆದೆ.

ಸೋಮವಾರ ಇನ್ನೊಂದು ವಿಷಯ ನೆನಪಾಯಿತು. ಅಪ್ಪನ ದನಿ ಇರುವ ಒಂದು ಕ್ಯಾಸೆಟ್ ನಮ್ಮಲ್ಲಿದೆ. ಹಿಂದೆ ಪಾತ್ರೆ ಸದ್ದು, ರೇಡಿಯೋ, ಒಳಗಿನಿಂದ ಅಮ್ಮ ಏನೋ ಕೇಳುವುದು. ಹೋದ ವರ್ಷ ಅದನ್ನು ಕಂಪ್ಯೂಟರಿಗೆ ಹಾಕಿ, ಅಪ್ಪನ ದನಿ ಬಿಟ್ಟು ಮಿಕ್ಕಿದ್ದೆಲ್ಲ ತೆಗೆದು, ಮನೆಯವರಿಗೆಲ್ಲ ಕಳಿಸಿದ್ದೆ. ಎಷ್ಟು ಸ್ಪಷ್ಟವಾಗಿದೆ ಅಂತ ಎಲ್ಲರೂ ಹೊಗಳಿದರು. ಅಮ್ಮ ಮಾತ್ರ ಏನೂ ಹೇಳಲಿಲ್ಲ. ಆಗ ನಾನು ಗಮನಿಸಲಿಲ್ಲ. ಅಪ್ಪ ಮಧ್ಯೆ ಒಂದು ಕಡೆ "ಬಂದೆ, ಬಂದೆ" ಅನ್ನುತ್ತಾರೆ. ನಾನು ಕಳಿಸಿದ ಫೈಲಿನಲ್ಲಿ ಅವರನ್ನು ಕರೆದವರು ಯಾರೂ ಇಲ್ಲ. ಸೋಮವಾರ ರಾತ್ರಿಯೇ ಕಪಾಟಿನಿಂದ ಆ ಕ್ಯಾಸೆಟ್ ತೆಗೆದು, ಏನೂ ತೊಳೆಯದೆ ಮತ್ತೆ ತುಂಬಿಸಿ, ಅಮ್ಮನ ಮುಂದೆ ಹಾಕಿದೆ. ಎರಡು ಸಲ ಕೇಳಿದರು.

ಭಾನುವಾರ ಸಂಜೆ ಅಕ್ಕನ ಮಗಳು ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿದಳು. ಆ 'ಸಿ' ಟೇಪ್‌ನಲ್ಲಿ ಒಂದು ಹಾಡು ಶುರುವಾಗುವ ಮುಂಚೆ ಡ್ರಮ್ಮರ್ ಸ್ನೇರ್ ಡ್ರಮ್‌ಗೆ ಒಂದೇ ಒಂದು ಪೆಟ್ಟು ಹಾಕುತ್ತಾನೆ. ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ತೋರಿಸಿದಳು. ಮೊದಲು ಒಂದು ಎತ್ತರದ ಗೆರೆ, ಸ್ವಲ್ಪ ಬಿಟ್ಟು ಅದರ ಪಕ್ಕ ಇನ್ನೊಂದು ಸಣ್ಣ ಗೆರೆ.

"ಇದೇ ಅಲ್ವಾ ನೀನು ಎಕೋ ಅಂತ ಬರೆದಿದ್ದು?"

ಹೂಂ ಅಂದೆ.

ಎರಡು ಗೆರೆಗಳ ಮಧ್ಯೆ 0.12 ಸೆಕೆಂಡ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 41 ಮೀಟರ್. ಮೈಕ್ ದಾಟಿ, ಹಿಂದಿನ ಗೋಡೆಗೆ ಬಡಿದು, ವಾಪಸ್ ಮೈಕಿಗೆ ಬರುವಷ್ಟು ದಾರಿ ಅದು. ಅರ್ಧ ಮಾಡಿದಳು.

"ಇವನು ಹಿಂದಿನ ಗೋಡೆಯಿಂದ 20 ಮೀಟರ್ ಮುಂದೆ ಕೂತಿದ್ದ ಮಾವ. ಹಾಲ್ ಮಧ್ಯೆ ಎಲ್ಲೋ."

ಆ ಟೇಪ್ ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಅವಳು ಹೋದ ಮೇಲೆ ನೋಟ್‌ಬುಕ್ ತೆಗೆದೆ. 'ಎಕೋ ಜಾಸ್ತಿ' ಅನ್ನುವುದನ್ನು ಹೊಡೆದು ಹಾಕಿ, ಅದರ ಮೇಲೆ '20 ಮೀಟರ್' ಅಂತ ಬರೆದೆ. 'ಸಿ' ಇದ್ದ ಜಾಗದಲ್ಲಿ ಏನು ಬರೆಯಬೇಕು ಅಂತ ಇನ್ನೂ ತೋಚಿಲ್ಲ. ಟೇಪನ್ನು ಮಾತ್ರ ಇವತ್ತು ಬೆಳಗ್ಗೆ ಮತ್ತೆ ಮೊದಲಿಂದ ಹಾಕಿದೆ.