ಜೇಡ್ ಬಳೆ ಕೊಳ್ಳುವ ಮುನ್ನ ತೂಗಿ ನೋಡಿ

ಜೇಡ್ ಹೆಸರಿನಲ್ಲಿ ಎರಡು ಬೇರೆ ಕಲ್ಲುಗಳಿವೆ: ನೆಫ್ರೈಟ್ ಮತ್ತು ಜೇಡೈಟ್. ಇವು ಒಂದೇ ಅಲ್ಲವೆಂದು ಫ್ರಾನ್ಸಿನ ಖನಿಜತಜ್ಞ ದಾಮೂರ್ 1863ರಲ್ಲಿ ತೋರಿಸಿದ. ದುಬಾರಿ ಹಸಿರು ಜೇಡೈಟ್ ಹೆಚ್ಚಾಗಿ ಮ್ಯಾನ್ಮಾರ್‌ನ ಕಚಿನ್ ಪ್ರಾಂತ್ಯದ್ದು.

ಲೋಹ ಸೇರದ ಬಳೆಯಾದರೆ ತಕ್ಕಡಿಯೇ ಸಾಕ್ಷಿ. ಮೊದಲು ಹಾಗೇ ತೂಗಿ. ನಂತರ ದಾರದಲ್ಲಿ ಕಟ್ಟಿ, ಪಾತ್ರೆಯ ತಳ ತಾಗದಂತೆ ನೀರಲ್ಲಿ ಮುಳುಗಿಸಿ ತೂಗಿ. ಮೊದಲ ತೂಕವನ್ನು ನೀರಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿ. ಬರುವ ಸಂಖ್ಯೆ ಕಲ್ಲಿನ ಸಾಂದ್ರತೆ, ಅಂದರೆ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಎಂಬುದು. 50 ಗ್ರಾಂ ಬಳೆ 15 ಗ್ರಾಂ ಕಳೆದುಕೊಂಡರೆ 3.33, ಇದು ಜೇಡೈಟ್‌ಗೆ ಹೊಂದುವ ಸಂಖ್ಯೆ. ನೆಫ್ರೈಟ್ 2.95ರ ಆಸುಪಾಸು. ‘ಇಂಡಿಯನ್ ಜೇಡ್’ ಎಂದು ಮಾರುವ ಅವೆಂಚುರಿನ್ 2.65ರ ಹತ್ತಿರ, ಅದು ಕ್ವಾರ್ಟ್ಸ್, ಜೇಡ್ ಅಲ್ಲವೇ ಅಲ್ಲ. ಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ, ಬ್ರಷ್‌ನಿಂದ ಒರೆಸಿ.

ತೂಕ ಎಲ್ಲವನ್ನೂ ಹೇಳದು. ಜೇಡೈಟ್‌ನಲ್ಲಿ ‘ಎ’ ದರ್ಜೆ ಎಂದರೆ ಹೆಚ್ಚೆಂದರೆ ಮೇಣದ ಹೊಳಪು. ‘ಬಿ’ಯಲ್ಲಿ ಆಮ್ಲದಿಂದ ಕಲೆ ತೆಗೆದು ಪಾಲಿಮರ್ (ಪ್ಲಾಸ್ಟಿಕ್‌ನಂಥ ಅಂಟು) ತುಂಬಿರುತ್ತಾರೆ, ಕಾಲಕ್ರಮೇಣ ಅದು ಹಳದಿಯಾಗುತ್ತದೆ, ಕಲ್ಲೂ ದುರ್ಬಲ. ‘ಸಿ’ಗೆ ಬಣ್ಣ ಹಾಕಿರುತ್ತದೆ. ಪಾಲಿಮರ್ ಪತ್ತೆಗೆ ಇನ್‌ಫ್ರಾರೆಡ್ ಪರೀಕ್ಷೆಯೇ ಬೇಕು. ಹಾಗಾಗಿ ದೊಡ್ಡ ಮೊತ್ತ ಕೊಡುವಾಗ ‘ನ್ಯಾಚುರಲ್’ ಎಂಬ ಚೀಟಿ ನಂಬಬೇಡಿ; ‘ಜೇಡೈಟ್, ಸಂಸ್ಕರಣೆಯಿಲ್ಲ’ ಎಂದು ಸ್ಪಷ್ಟವಾಗಿ ಬರೆದ ಲ್ಯಾಬ್ ವರದಿಯನ್ನೇ ಕೇಳಿ.