ದಾವೀದನ ಕಾಲದಿಂದಲ್ಲ, ಹಿಜ್ಕೀಯನ ಕಾಲದಿಂದ ಶುರು ಮಾಡಿ: ಇಸ್ರೇಲ್ ಟ್ರಿಪ್ ಪ್ಲಾನ್ ಮಾಡೋರಿಗೆ

ಬೆಂಗಳೂರಿಂದ ಹೊರಡೋ ಹೋಲಿ ಲ್ಯಾಂಡ್ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಬೆತ್ಲೆಹೇಮ್, ನಜರೇತ್, ಗಲಿಲಾಯ ಸುತ್ತಿಸ್ತವೆ. ಹಳೆ ಒಡಂಬಡಿಕೆಯ ಅರಸರು ನಿಜವಾಗ್ಲೂ ಏನು ಬಿಟ್ಟುಹೋಗಿದ್ದಾರೆ ಅಂತ ನೋಡೋ ಆಸೆ ಇದ್ರೆ ಗ್ರೂಪ್ ಬಿಟ್ಟು ಸ್ವಂತವಾಗಿ ಹೋಗ್ಬೇಕು, ನಾವು ಹಾಗೇ ಹೋಗಿದ್ದು. ಗಡಿ ಕಡೆ ಪರಿಸ್ಥಿತಿ ಯಾವಾಗ ಹೇಗಿರುತ್ತೋ ಹೇಳಕ್ಕಾಗಲ್ಲ, ಹಾಗಾಗಿ ಮೊದ್ಲು ಭಾರತ ಸರ್ಕಾರದ ಪ್ರಯಾಣ ಸೂಚನೆ ನೋಡಿ, ಟಿಕೆಟ್ ಆಮೇಲೆ. ಮಂಗಳೂರು ಕಡೆಯವರು ತುಂಬಾ ಜನ ಅಲ್ಲಿ ಕೇರ್‌ಗಿವರ್ ಕೆಲಸದಲ್ಲಿದ್ದಾರೆ, ಪರಿಚಯದವರಿದ್ರೆ ಒಂದು ಮಾತು ಕೇಳಿ.

ಎಲ್ರೂ ಹೋದ ತಕ್ಷಣ ದಾವೀದನ ಅರಮನೆ ಎಲ್ಲಿ, ಸೊಲೊಮೋನನ ದೇವಾಲಯ ಎಲ್ಲಿ ಅಂತ ಹುಡುಕ್ತಾರೆ, ಸಾಕ್ಷಿ ತೀರಾ ಕಮ್ಮಿ ಇರೋದೇ ಅಲ್ಲಿ. ನಾನು ಹೇಳೋದಾದ್ರೆ ಉಲ್ಟಾ ನೋಡ್ಕೊಂಡು ಬನ್ನಿ, ಸಾಕ್ಷಿ ಗಟ್ಟಿ ಇರೋ ಹಿಜ್ಕೀಯನ ಕಾಲದಿಂದ ಹಿಂದಕ್ಕೆ. ಹಿಜ್ಕೀಯ ಅಂದ್ರೆ ದಾವೀದ, ಸೊಲೊಮೋನರಾಗಿ ಎಷ್ಟೋ ತಲೆಮಾರು ಆದ್ಮೇಲೆ ಜೆರುಸಲೇಮ್ ಆಳಿದ ರಾಜ.

ಜೆರುಸಲೇಮ್ ಹಳೆ ಊರಿನ ಯಹೂದಿ ಕ್ವಾರ್ಟರ್‌ನಲ್ಲಿ ಅಗಲ ಗೋಡೆ ಅಂತ ಇದೆ, ಟಿಕೆಟ್ ಇಲ್ಲ, ರಸ್ತೆ ಪಕ್ಕ ಗುಂಡಿ ಥರ ಕಾಣೋದ್ರಿಂದ ಜನ ನೋಡ್ದೇ ಹೋಗ್ಬಿಡ್ತಾರೆ. 7 ಮೀಟರ್ ದಪ್ಪ. 1970ರ ದಶಕದಲ್ಲಿ ಪುರಾತತ್ವಜ್ಞ ನಹ್ಮಾನ್ ಅವಿಗಾದ್ ಅಗೆದಾಗ ಸಿಕ್ಕಿದ್ದು. ಗೋಡೆ ಮನೆಗಳ ಮೇಲೇ ಹಾದುಹೋಗಿರೋದು ಕಾಣುತ್ತೆ, ಕೋಟೆ ಭದ್ರ ಮಾಡಕ್ಕೆ ಮನೆ ಕೆಡವಿದ್ರಿ ಅಂತ ಪ್ರವಾದಿ ಯೆಶಾಯ ಬೈಬಲ್‌ನಲ್ಲಿ ತನ್ನ ಪುಸ್ತಕದ 22ನೇ ಅಧ್ಯಾಯದಲ್ಲಿ ಬೈಯ್ತಾನಲ್ಲ, ಅದನ್ನ ಓದ್ಕೊಂಡು ಹೋಗಿ. ಕ್ರಿ.ಪೂ. 701ರಲ್ಲಿ ಅಸ್ಸೀರಿಯಾದ ರಾಜ ಸನ್ಹೇರೀಬ ದಂಡೆತ್ತಿ ಬಂದ, ಅದಕ್ಕೆ ಮುಂಚೆ ಹಿಜ್ಕೀಯ ಮಾಡಿಸ್ಕೊಂಡ ತಯಾರಿ ಅಂತಾರೆ.

ಅಲ್ಲಿಂದ ಸಿಟಿ ಆಫ್ ಡೇವಿಡ್, ಹಳೆ ಊರಿನ ಗೋಡೆಯಾಚೆ ಇರೋ ಅಗೆತದ ಜಾಗ. ಇಲ್ಲಿ ನೀರಿಗಾಗಿ ಬಂಡೆ ಕೊರೆದು ಮಾಡಿದ ಹಿಜ್ಕೀಯನ ಸುರಂಗ 533 ಮೀಟರ್, ಈಗ್ಲೂ ಗೀಹೋನ್ ಬುಗ್ಗೆ ನೀರು ಹರಿಯುತ್ತೆ, ಶುರುವಿನಲ್ಲಿ ತೊಡೆವರೆಗೂ ಬರಬಹುದು ಆಮೇಲೆ ಇಳಿಯುತ್ತೆ. ಒಳಗೆ ಕತ್ತಲು, ಟಾರ್ಚ್, ಒದ್ದೆಯಾದ್ರೂ ಪರವಾಗಿಲ್ಲ ಅನ್ನೋ ಚಪ್ಪಲಿ, ಮೊಬೈಲ್‌ಗೆ ಪ್ಲಾಸ್ಟಿಕ್ ಕವರ್ ಬೇಕೇ ಬೇಕು. ಇಕ್ಕಟ್ಟು ಕಂಡ್ರೆ ಭಯ ಆಗೋರು ಪಕ್ಕದ ಒಣ ಸುರಂಗದಲ್ಲಿ ಹೋಗ್ಲಿ. ಎರಡೂ ಕಡೆಯಿಂದ ಕೊರೀತಾ ಬಂದ ಆಳುಗಳಿಗೆ ಬಂಡೆಯಾಚೆ ಇನ್ನೊಬ್ರ ದನಿ ಕೇಳಿಸ್ತು ಅಂತ ಗೋಡೆ ಮೇಲೆ ಬರೆದಿದ್ರು, 1880ರಲ್ಲಿ ಸಿಕ್ತು, ಮೂಲ ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಜಾಗ ಇರೋದು ಸಿಲ್ವಾನ್ ಅನ್ನೋ ಪ್ಯಾಲೆಸ್ಟೀನಿಯರ ಬಡಾವಣೆಯಲ್ಲಿ, ಅಗೆತದ ಹಿಂದೆ ದೊಡ್ಡ ರಾಜಕೀಯ ಜಗಳಾನೂ ಇದೆ, ಗೈಡ್ ಹೇಳೋ ಕಥೆಯನ್ನ ಇದು ಗೊತ್ತಿಟ್ಕೊಂಡೇ ಕೇಳಿ. ಮೇಲಿರೋ ದೊಡ್ಡ ಕಟ್ಟಡದ ಅವಶೇಷವನ್ನ 2005ರಲ್ಲಿ ಪುರಾತತ್ವಜ್ಞೆ ಎಯ್ಲಾತ್ ಮಜಾರ್ ದಾವೀದನ ಅರಮನೆ ಅಂದ್ರು, ಇಸ್ರೇಲ್ ಫಿಂಕೆಲ್‌ಸ್ಟೀನ್ ಥರದ ಬೇರೆ ಪುರಾತತ್ವಜ್ಞರು ಒಪ್ಪಲಿಲ್ಲ. ನಂಗೂ ನೋಡಿದ್ರೆ ಬರೀ ಕಲ್ಲು ಅನ್ನಿಸ್ತು.

ದಾವೀದನ ಹೆಸರು ಇರೋದು ಇಸ್ರೇಲ್ ಮ್ಯೂಸಿಯಂನಲ್ಲಿ. ದೇಶದ ಉತ್ತರ ತುದಿಯ ಟೆಲ್ ದಾನ್‌ನಲ್ಲಿ 1993ರಲ್ಲಿ ಸಿಕ್ಕ ಒಡೆದ ಶಾಸನ, ಅರಾಮ್ಯ ರಾಜನೊಬ್ಬ ಇಸ್ರೇಲಿನ ರಾಜನನ್ನೂ ದಾವೀದನ ಮನೆತನದ ರಾಜನನ್ನೂ ಕೊಂದೆ ಅಂತ ಜಂಬ ಕೊಚ್ಚಿಕೊಂಡಿರೋದು, ಕ್ರಿ.ಪೂ. 9ನೇ ಶತಮಾನ. ಶತ್ರು ಹೇಳಿರೋದ್ರಿಂದಲೇ ಅದಕ್ಕೆ ತೂಕ. ಇದೇ ಮ್ಯೂಸಿಯಂ ಸೊಲೊಮೋನನ ದೇವಾಲಯದ್ದು ಅಂತ ಇಟ್ಟಿದ್ದ ದಂತದ ದಾಳಿಂಬೆಯ ಬರಹ ನಕಲಿ ಅಂತ 2004ರಲ್ಲಿ ತಾನೇ ಹೇಳ್ತು.

ಟೈಮ್ ಇದ್ರೆ ಉತ್ತರದಲ್ಲಿರೋ ಹಳೆ ಕೋಟೆ ಪಟ್ಟಣ ಮೆಗಿದ್ದೋ. ಬಾಡಿಗೆ ಕಾರೇ ವಾಸಿ. ಅಲ್ಲಿನ ಆರು ಕೋಣೆಯ ಊರ ಬಾಗಿಲು ಸೊಲೊಮೋನನದ್ದು ಅಂತ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಅಂದ್ರು, ಫಿಂಕೆಲ್‌ಸ್ಟೀನ್ ಲೆಕ್ಕದಲ್ಲಿ ಅದು ಸುಮಾರು ನೂರು ವರ್ಷ ಈಚೆ, ಇಸ್ರೇಲಿನ ರಾಜ ಅಹಾಬನ ವಂಶದ ಕಾಲ. ನೀರಿನ ಸುರಂಗಕ್ಕೆ ಮೆಟ್ಟಿಲು ತುಂಬಾ, ಮಂಡಿ ನೋವಿದ್ರೆ ಯೋಚ್ನೆ ಮಾಡಿ, ಹೊರಗೆ ಬರೋ ಬಾಗಿಲೂ ಪಾರ್ಕಿಂಗ್‌ನಿಂದ ದೂರ.

ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಟ್ರೇನ್ ಇಲ್ಲ, ಬಸ್ಸೂ ಹೆಚ್ಚುಕಮ್ಮಿ ಇಲ್ಲ, ಸಿಟಿ ಆಫ್ ಡೇವಿಡ್ ಕ್ಲೋಸ್.

ಈಗ ಹೋಗೋದು ಬೇಡ ಅನ್ನಿಸಿದ್ರೆ ಲಂಡನ್‌ಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂ ನೋಡಿ, ಎಂಟ್ರಿ ಫ್ರೀ. ಸನ್ಹೇರೀಬ ಹಿಜ್ಕೀಯನ ರಾಜ್ಯದ ಲಾಕೀಷ್ ಪಟ್ಟಣ ಹಿಡಿದಿದ್ದನ್ನ ತನ್ನ ರಾಜಧಾನಿ ನಿನೆವೆಯ ಅರಮನೆ ಗೋಡೆ ಮೇಲೆ ಕೆತ್ತಿಸಿದ್ದು ಅಲ್ಲಿದೆ, ಇಡೀ ಕೋಣೆ ತುಂಬಾ.